ಯಂತ್ರಕ್ಕೆ ಸಜ್ದಾ ಮಾಡಿದವರ ಕಥೆಗಳು

1909ರ ನವೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ 'ಆಕ್ಸ್‌ಫರ್ಡ್ ಅಂಡ್ ಕೇಂಬ್ರಿಜ್ ರಿವ್ಯೂ' ಎಂಬ ಪತ್ರಿಕೆಯಲ್ಲಿ ಒಂದು ನೀಳ್ಗತೆ ಅಚ್ಚಾಯಿತು. ಅದರ ಹೆಸರು 'ದ ಮಶೀನ್ ಸ್ಟಾಪ್ಸ್', ಅಂದರೆ 'ಯಂತ್ರ ನಿಲ್ಲುತ್ತದೆ'. ಬರೆದವರು ಇ. ಎಂ. ಫಾರ್ಸ್ಟರ್. ನಮ್ಮಲ್ಲಿ ಹೆಚ್ಚಿನವರು ಅವರನ್ನು ಬಲ್ಲದ್ದು 1924ರ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯಿಂದ. ಅವರು ಆ ಕಾದಂಬರಿಯನ್ನು ಅರ್ಪಿಸಿದ್ದು ಸರ್ ಸಯ್ಯದ್ ಅಹ್ಮದ್ ಖಾನರ ಮೊಮ್ಮಗ ಸಯ್ಯದ್ ರಾಸ್ ಮಸೂದ್ ಅವರಿಗೆ. 1906ರಲ್ಲಿ, ಆಕ್ಸ್‌ಫರ್ಡ್ ಸೇರಲು ತಯಾರಿ ನಡೆಸುತ್ತಿದ್ದ ಹದಿನೇಳರ ಹರೆಯದ ಮಸೂದರಿಗೆ ಫಾರ್ಸ್ಟರ್ ಲ್ಯಾಟಿನ್ ಪಾಠ ಹೇಳಲು ತೊಡಗಿದರು. ಪಾಠ ಬೇಗ ಮುಗಿಯಿತು, ಸ್ನೇಹ ಬದುಕಿನ ಕೊನೆಯವರೆಗೂ ಉಳಿಯಿತು. ಆ ಪಾಠದ ಮೂರು ವರ್ಷಗಳ ನಂತರ ಬಂದ ಈ ಕಥೆಯನ್ನು ಇಂದು ಮತ್ತೆ ಓದಬೇಕಾದ ಕಾರಣಗಳಿವೆ.

ಕಥೆಯಲ್ಲಿ ಮನುಷ್ಯರು ಭೂಮಿಯ ಮೇಲೆ ವಾಸಿಸುವುದಿಲ್ಲ. ನೆಲದಡಿಯಲ್ಲಿ, ಜೇನುಗೂಡಿನ ಕಣ್ಣಿನಂತಹ ಆರು ಮೂಲೆಯ ಕೋಣೆಗಳಲ್ಲಿ ಒಬ್ಬೊಬ್ಬರಾಗಿ ಬದುಕುತ್ತಾರೆ. ಗುಂಡಿ ಒತ್ತಿದರೆ ಊಟ, ಗುಂಡಿ ಒತ್ತಿದರೆ ಸ್ನಾನ, ಗುಂಡಿ ಒತ್ತಿದರೆ ಸಂಗೀತ. ಸಾವಿರಾರು ಜನರೊಡನೆ ಪರಿಚಯವಿದೆ, ಎಲ್ಲವೂ ಯಂತ್ರದ ಮೂಲಕವೇ. ವಾಷ್ಟಿ ಎಂಬ ತಾಯಿ ಇಂತಹ ಒಂದು ಕೋಣೆಯಲ್ಲಿದ್ದಾಳೆ. ಅವಳ ಮಗ ಕೂನೋ ಭೂಮಿಯ ಇನ್ನೊಂದು ಮಗ್ಗುಲಲ್ಲಿದ್ದಾನೆ. ಹೊಳೆಯುವ ತಟ್ಟೆಯೊಂದರಲ್ಲಿ ಅವರು ಪರಸ್ಪರರ ಮುಖ ನೋಡುತ್ತಾರೆ. ಮಗನ ಹಂಬಲ ಒಂದೇ: ತಾಯಿ ಖುದ್ದಾಗಿ ಬರಬೇಕು, ಈ ತಟ್ಟೆಯ ಹಂಗಿಲ್ಲದೆ ಮಾತಾಡಬೇಕು. ತಾಯಿಗೆ ಅದು ಹುಚ್ಚಾಟವೆನಿಸುತ್ತದೆ, ಜೊತೆಗೆ ಯಂತ್ರದ ವಿರುದ್ಧ ಆಡಿದ ಅಪಚಾರದ ಮಾತೆಂದೂ ಭಯವಾಗುತ್ತದೆ.

ಅವಳ ಕೋಣೆಯಲ್ಲಿರುವ ಒಂದೇ ಒಂದು ಗ್ರಂಥ 'ಯಂತ್ರದ ಪುಸ್ತಕ'. ಯಾವ ಕಷ್ಟಕ್ಕೆ ಯಾವ ಗುಂಡಿ ಎಂಬುದು ಅದರಲ್ಲಿದೆ. ಅಷ್ಟಾದರೆ ಅದೊಂದು ಕೈಪಿಡಿ ಮಾತ್ರ. ಆದರೆ ವಾಷ್ಟಿ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅದಕ್ಕೆ ಮೂರು ಬಾರಿ ಮುತ್ತಿಡುತ್ತಾಳೆ, ಮೂರು ಬಾರಿ ತಲೆಬಾಗುತ್ತಾಳೆ. ಕಥೆ ಮುಂದುವರಿದಂತೆ ಈ ಗುಟ್ಟಿನ ಭಕ್ತಿ ಬಹಿರಂಗ ಮತವಾಗುತ್ತದೆ. ಸ್ವಂತ ಅನುಭವದಿಂದ ಹುಟ್ಟಿದ ವಿಚಾರ ಅಪಾಯಕಾರಿ, ಹತ್ತು ಬಾಯಿ ದಾಟಿ ಬಂದ ವಿಚಾರವೇ ಶುದ್ಧ ಎಂದು ಅಲ್ಲಿನ ವಿದ್ವಾಂಸರು ಉಪನ್ಯಾಸ ಕೊಡತೊಡಗುತ್ತಾರೆ. ಅನುಮತಿಯಿಲ್ಲದೆ ನೆಲದ ಮೇಲಕ್ಕೆ ಹತ್ತಿ ಹುಲ್ಲು, ಬೆಟ್ಟ, ಆಕಾಶ ನೋಡಿ ಬಂದ ಕೂನೋನಿಗೆ 'ನಿರಾಶ್ರಿತ'ನನ್ನಾಗಿ ಮಾಡುವ ಬೆದರಿಕೆ ಬರುತ್ತದೆ.

ಕೊನೆಗೆ ಯಂತ್ರ ಕೆಡುತ್ತದೆ. ಮೊದಲು ಸಂಗೀತದಲ್ಲಿ ಅಪಸ್ವರ, ಆಮೇಲೆ ಸ್ನಾನದ ನೀರಿಗೆ ದುರ್ವಾಸನೆ, ಆಮೇಲೆ ಹಾಸಿಗೆ ಬರುವುದಿಲ್ಲ. ಜನ ದೂರು ಕೊಡುತ್ತಾರೆ, ರಿಪೇರಿಯ ಸಮಿತಿಯಿಂದ ಸಮಾಧಾನದ ಉತ್ತರ ಬರುತ್ತದೆ, ಜನ ಆ ಅಪಸ್ವರಕ್ಕೇ ಹೊಂದಿಕೊಳ್ಳುತ್ತಾರೆ. ಆ ಇಡೀ ಯಂತ್ರವನ್ನು ಪೂರ್ತಿಯಾಗಿ ಬಲ್ಲವನು ಲೋಕದಲ್ಲಿ ಒಬ್ಬನೂ ಉಳಿದಿಲ್ಲ. ತನ್ನ ಪಾಲಿನ ಒಂದು ತುಣುಕನ್ನು ಬಲ್ಲವರಿದ್ದಾರೆ, ಅಷ್ಟೆ. ಹೀಗಾಗಿ ಅದು ನಿಂತಾಗ ಮತ್ತೆ ನಡೆಸುವವರಿಲ್ಲ.

ಫಾರ್ಸ್ಟರ್ ಇಲ್ಲಿ ಕಂಡುಕೊಂಡ ಒಂದು ಸತ್ಯವಿದೆ. ವಾಷ್ಟಿ ಯಂತ್ರಕ್ಕೆ ಹೆದರಿ ತಲೆಬಾಗಿದವಳಲ್ಲ. ಅದು ಕೊಟ್ಟ ಸುಖಕ್ಕೆ, ಅದನ್ನು ಅರಿಯುವ ಶ್ರಮ ಬೇಡವೆಂಬ ನೆಮ್ಮದಿಗೆ ತಲೆಬಾಗಿದವಳು. ಕುರ್‌ಆನಿನಲ್ಲಿ ಬರುವ ಸಾಮಿರಿಯ ಕರುವಿನ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪ್ರವಾದಿ ಮೂಸಾ(ಅ) ತೂರ್ ಪರ್ವತಕ್ಕೆ ಹೋಗಿದ್ದಾಗ ಸಾಮಿರಿ ಎಂಬವನು ಜನರ ಒಡವೆಗಳನ್ನು ಕರಗಿಸಿ ಒಂದು ಕರು ಮಾಡಿದ. ಬರೀ ಕರುವಾಗಿದ್ದರೆ ಜನ ಅಷ್ಟು ಮರುಳಾಗುತ್ತಿದ್ದರೋ ಇಲ್ಲವೋ. ಅದು 'ಅಂಬಾ' ಎಂದು ಸದ್ದು ಮಾಡುತ್ತಿತ್ತು. ಅದರೊಳಗೆ ಗಾಳಿ ನುಗ್ಗಿ ಸದ್ದು ಬರುವಂತೆ ರಚಿಸಲಾಗಿತ್ತು ಎಂದು ವಿವರಿಸಿದ ವ್ಯಾಖ್ಯಾನಕಾರರಿದ್ದಾರೆ. ಅಂದರೆ ಅದೊಂದು ಸಾಧನ, ಒಂದು ಕರಾಮತ್ತು. ಕುರ್‌ಆನ್ ಎತ್ತುವ ಪ್ರಶ್ನೆ ನೇರವಾದದ್ದು: ಅದು ಸದ್ದು ಮಾಡುತ್ತದೆ ನಿಜ, ಕೇಳಿದ ಮಾತಿಗೆ ಉತ್ತರ ಕೊಡುತ್ತದೆಯೇ? ಲಾಭ ನಷ್ಟ ಅದರ ಕೈಯಲ್ಲಿದೆಯೇ?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಯಂತ್ರವನ್ನು ಗೌರವಿಸುವುದೂ ಯಂತ್ರಕ್ಕೆ ಶರಣಾಗುವುದೂ ಒಂದೇ ಅಲ್ಲ. ಆಯುಧಪೂಜೆಯ ದಿನ ತನ್ನ ಗರಗಸವನ್ನು ತೊಳೆದು ಹೂವಿಡುವ ಬಡಗಿ ಆ ಗರಗಸದ ಹಲ್ಲುಗಳನ್ನು ತಾನೇ ಮಸೆಯಬಲ್ಲ. ತನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಬಿಸ್ಮಿಲ್ಲಾ ಹೇಳಿ ಕೆಲಸಕ್ಕೆ ಕೂರುವ ದರ್ಜಿಯೂ ಹಾಗೆಯೇ. ಅವರ ಆಚರಣೆಗಳು ಬೇರೆ ಬೇರೆ, ಆದರೆ ಇಬ್ಬರಿಗೂ ತಮ್ಮ ಸಾಧನದ ಒಳಹೊರಗು ಗೊತ್ತಿದೆ, ಅನ್ನಕ್ಕೆ ಕೃತಜ್ಞತೆಯಿದೆ. ವಿಡಂಬನಕಾರರು ನಕ್ಕದ್ದು ಇವರನ್ನು ನೋಡಿ ಅಲ್ಲ.

ಹಾಗೆ ನೋಡಿದರೆ ಸ್ವಯಂಚಾಲಿತ ಗೊಂಬೆಗಳ ಇತಿಹಾಸದಲ್ಲಿ ಮುಸ್ಲಿಮ್ ಕುಶಲಕರ್ಮಿಗಳ ಪಾಲು ದೊಡ್ಡದು. 9ನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರು ಇಂತಹ ಚಮತ್ಕಾರದ ಸಾಧನಗಳ ಬಗ್ಗೆ ಗ್ರಂಥ ಬರೆದರು. 1206ರಲ್ಲಿ ದಿಯಾರ್‌ಬಕಿರ್‌ನ ಅರ್ತುಕಿ ದೊರೆಯ ಆಸ್ಥಾನದಲ್ಲಿದ್ದ ಅಲ್ ಜಝರಿ ತನ್ನ ಮಹಾಗ್ರಂಥವನ್ನು ಪೂರ್ಣಗೊಳಿಸಿದ. ಆನೆಯ ಆಕಾರದ ಗಡಿಯಾರ, ದೋಣಿಯಲ್ಲಿ ಕುಳಿತು ವಾದ್ಯ ನುಡಿಸುವ ಗೊಂಬೆಗಳು, ಕೈ ತೊಳೆಯಲು ನೀರು ಹನಿಸುವ ಗೊಂಬೆ ಎಲ್ಲವೂ ಅದರಲ್ಲಿವೆ. ಅವನು ಪ್ರತಿಯೊಂದರ ಚಿತ್ರ ಬರೆದು, ಭಾಗಗಳನ್ನು ಹೆಸರಿಸಿ, ಹೇಗೆ ಮಾಡಬೇಕೆಂದು ಹಂತಹಂತವಾಗಿ ವಿವರಿಸಿದ್ದಾನೆ. ನೋಡುಗ ಬೆರಗಾಗಲಿ ಎಂದು ಬಯಸಿದ ಅದೇ ಮನುಷ್ಯ ಬೆರಗಿನ ಗುಟ್ಟನ್ನೂ ಬಿಚ್ಚಿಟ್ಟ. ಸಾಮಿರಿಗೂ ಜಝರಿಗೂ ಇರುವ ಅಂತರ ಇದೇ ಎಂದು ನಮಗೆ ತೋರುತ್ತದೆ.

ಆಧುನಿಕ ಕಾಲದಲ್ಲಿ ಈ ವಿಡಂಬನೆಯ ಬೀಜ ಬಿದ್ದದ್ದು ನ್ಯೂಝಿಲೆಂಡಿನಲ್ಲಿ. ಅಲ್ಲಿ ಕುರಿ ಸಾಕುತ್ತಿದ್ದ ಸ್ಯಾಮ್ಯುಯೆಲ್ ಬಟ್ಲರ್ 1863ರಲ್ಲಿ ಕ್ರೈಸ್ಟ್‌ಚರ್ಚಿನ 'ದ ಪ್ರೆಸ್' ಪತ್ರಿಕೆಗೆ ಬೇರೆ ಹೆಸರಿನಲ್ಲಿ ಒಂದು ಪತ್ರ ಬರೆದ. ಡಾರ್ವಿನ್ನನ ವಿಕಾಸವಾದವನ್ನು ಯಂತ್ರಗಳಿಗೂ ಅನ್ವಯಿಸಿದರೆ, ಮನುಷ್ಯರು ಒಂದು ದಿನ ಯಂತ್ರಗಳ ಚಾಕರಿ ಮಾಡುವ ಜೀವಿಗಳಾಗುತ್ತಾರೆ ಎಂಬುದು ಅದರ ತಿರುಳು. 1872ರಲ್ಲಿ ಬಂದ ಅವನ 'ಎರೆವಾನ್' ಕಾದಂಬರಿಯಲ್ಲಿ ಈ ವಿಚಾರ ಬೆಳೆಯಿತು. ಆ ಕಾಲ್ಪನಿಕ ದೇಶದಲ್ಲಿ ಯಂತ್ರಗಳನ್ನೆಲ್ಲ ಒಡೆದುಹಾಕಿದ್ದಾರೆ. ಹೊರಗಿನಿಂದ ಬಂದ ಪ್ರವಾಸಿಯ ಜೇಬಿನಲ್ಲಿ ಗಡಿಯಾರ ಸಿಕ್ಕಿದ್ದೇ ಅಪರಾಧವಾಗಿ ಅವನು ಜೈಲು ಸೇರುತ್ತಾನೆ. ಬಟ್ಲರನ ನಗೆ ಎರಡೂ ಕಡೆಗೆ ಹರಿಯುತ್ತದೆ. ಯಂತ್ರಕ್ಕೆ ಕೈಮುಗಿಯುವವನೂ ಅದನ್ನು ಸೈತಾನನೆಂದು ಒಡೆಯುವವನೂ ಅದರೊಳಗೆ ಇಲ್ಲದ ಶಕ್ತಿಯನ್ನು ಕಾಣುವವರೇ.

ಫಾರ್ಸ್ಟರನ ಕಥೆಗೆ ನಾಲ್ಕು ವರ್ಷ ಮೊದಲು, 1905ರಲ್ಲಿ, ಮದ್ರಾಸಿನಿಂದ ಹೊರಡುತ್ತಿದ್ದ 'ದ ಇಂಡಿಯನ್ ಲೇಡೀಸ್ ಮ್ಯಾಗಝಿನ್'ನಲ್ಲಿ ಇನ್ನೊಂದು ಕಥೆ ಬಂದಿತ್ತು. ಅದು 'ಸುಲ್ತಾನಾಸ್ ಡ್ರೀಮ್', ಬರೆದವರು ಬಂಗಾಳದ ಬೇಗಂ ರುಕಯ್ಯಾ ಸಖಾವತ್ ಹುಸೇನ್. 1880ರಲ್ಲಿ ರಂಗಪುರದ ಪಾಯರಾಬಂದ್ ಗ್ರಾಮದ ಜಮೀನ್ದಾರ ಮನೆಯಲ್ಲಿ ಹುಟ್ಟಿದ ಈ ಹೆಣ್ಣುಮಗಳಿಗೆ ಶಾಲೆಯ ಬಾಗಿಲು ತೆರೆದಿರಲಿಲ್ಲ. ಅಣ್ಣ ಇಬ್ರಾಹೀಮ್ ರಾತ್ರಿ ಹೊತ್ತು ಗುಟ್ಟಾಗಿ ಇಂಗ್ಲಿಷ್ ಕಲಿಸಿದರು, ಅಕ್ಕ ಕರೀಮುನ್ನಿಸಾ ಬಂಗಾಳಿ ಕಲಿಯಲು ಬೆಂಬಲವಾದರು.

ರುಕಯ್ಯಾರ ಕಥೆಯ ಸ್ತ್ರೀದೇಶದಲ್ಲಿ ಗಂಡಸರು ಮರ್ದಾನಾದೊಳಗೆ ಪರದೆಯಲ್ಲಿದ್ದಾರೆ, ಹೆಂಗಸರು ದೇಶ ನಡೆಸುತ್ತಿದ್ದಾರೆ. ಒಂದು ವಿಶ್ವವಿದ್ಯಾಲಯದ ಹೆಣ್ಣುಮಕ್ಕಳು ಆಕಾಶದಿಂದಲೇ ನೀರು ಹೀರುವ ಬಲೂನು ಕಟ್ಟಿದ್ದಾರೆ. ಇನ್ನೊಂದು ವಿಶ್ವವಿದ್ಯಾಲಯದವರು ಸೂರ್ಯನ ಶಾಖವನ್ನು ಕೂಡಿಡುವ ವಿದ್ಯೆ ಕಂಡುಹಿಡಿದಿದ್ದಾರೆ. ಆ ಕಾಲದಲ್ಲಿ ಗಂಡಸರು ಮದ್ದುಗುಂಡು ಹೆಚ್ಚಿಸುವುದರಲ್ಲೇ ಮಗ್ನರಾಗಿ, ಹೆಂಗಸರ ಸಂಶೋಧನೆಯನ್ನು ಭಾವುಕರ ಕನವರಿಕೆಯೆಂದು ಹಂಗಿಸುತ್ತಿದ್ದರು. ಶತ್ರು ಸೈನ್ಯ ಬಂದಾಗ ಆ ಮದ್ದುಗುಂಡು ಕೆಲಸಕ್ಕೆ ಬರಲಿಲ್ಲ. ಎರಡು ಸಾವಿರ ವಿದ್ಯಾರ್ಥಿನಿಯರು ಸೂರ್ಯಕಿರಣಗಳನ್ನು ತಿರುಗಿಸಿ ಶತ್ರುಗಳನ್ನು ಓಡಿಸಿದರು.

ರುಕಯ್ಯಾ ಮತ್ತು ಫಾರ್ಸ್ಟರ್ ಮೇಲುನೋಟಕ್ಕೆ ವಿರುದ್ಧ ದಿಕ್ಕಿನವರು. ಒಬ್ಬರಿಗೆ ಯಂತ್ರ ಬಿಡುಗಡೆ, ಇನ್ನೊಬ್ಬರಿಗೆ ಸೆರೆ. ಆದರೆ ನಾವು ಹಾಗೆ ಓದುವುದಿಲ್ಲ. ಸ್ತ್ರೀದೇಶದ ಹೆಣ್ಣುಮಕ್ಕಳು ತಮ್ಮ ಯಂತ್ರವನ್ನು ತಾವೇ ಕಟ್ಟಿದವರು, ಅದರ ತತ್ವ ಬಲ್ಲವರು, ಅದರಿಂದ ಹೊಲ ಉಳುವವರು, ಅಡುಗೆ ಮಾಡುವವರು. ವಾಷ್ಟಿ ಗುಂಡಿ ಒತ್ತುವುದನ್ನು ಮಾತ್ರ ಬಲ್ಲವಳು. ಕೋಣೆಯೊಳಗೇ ಕೂತು ಹೊರಲೋಕ ನೋಡದೆ ಬದುಕುವ ಹೆಂಗಸಿನ ಚಿತ್ರ ಫಾರ್ಸ್ಟರನಿಗೆ ದೂರದ ಭವಿಷ್ಯದ ಕಲ್ಪನೆ. ರುಕಯ್ಯಾರಿಗೆ ಅದು ತಮ್ಮ ಮನೆಯ ಝನಾನಾ. ಹಾಗಾಗಿ ಅವರು ವಿಜ್ಞಾನದ ಕನಸನ್ನು ಶಾಲೆಯಾಗಿ ಇಳಿಸಿದರು. ಪತಿಯ ಹೆಸರಿನಲ್ಲಿ 1911ರಲ್ಲಿ ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು, 1932ರಲ್ಲಿ ತೀರಿಹೋಗುವವರೆಗೂ ಅದಕ್ಕಾಗಿ ದುಡಿದರು.

ಮೊದಲ ಮಹಾಯುದ್ಧ ಯಂತ್ರದ ಇನ್ನೊಂದು ಮುಖ ತೋರಿಸಿದ ಮೇಲೆ ವಿಡಂಬನೆ ಹರಿತವಾಯಿತು. 1921ರ ಜನವರಿಯಲ್ಲಿ ರಂಗವೇರಿದ ಕರೆಲ್ ಚಾಪೆಕ್‌ನ 'ಆರ್.ಯು.ಆರ್.' ನಾಟಕ ಜಗತ್ತಿಗೆ 'ರೋಬೋ' ಎಂಬ ಪದವನ್ನು ಕೊಟ್ಟಿತು. ಪದ ಹೊಳೆದದ್ದು ಅವನ ಅಣ್ಣ ಯೋಸೆಫ್‌ನಿಗೆ. ಝೆಕ್ ಭಾಷೆಯಲ್ಲಿ 'ರೋಬೋಟ' ಎಂದರೆ ಬಿಟ್ಟಿಚಾಕರಿ. ಮರುವರ್ಷ ಪುಸ್ತಕವಾಗಿ ಬಂದ ಚಾಪೆಕ್‌ನ ಕಾದಂಬರಿ ಇನ್ನೂ ಮೋಜಿನದು. ಅದರಲ್ಲಿ ಒಬ್ಬ ಎಂಜಿನಿಯರ್ ಕಲ್ಲಿದ್ದಲನ್ನು ಅಣುವೂ ಉಳಿಯದಂತೆ ಉರಿಸಿ ಶಕ್ತಿ ತೆಗೆಯುವ ಯಂತ್ರ ಮಾಡುತ್ತಾನೆ. ವಸ್ತು ಪೂರ್ತಿ ನಾಶವಾದಾಗ ಅದರೊಳಗೆ ಅಡಗಿದ್ದ ದೈವತ್ವ ಹೊಗೆಯಂತೆ ಹೊರಬರುತ್ತದೆ! ಯಂತ್ರದ ಹತ್ತಿರ ನಿಂತವರೆಲ್ಲ ಭಕ್ತರಾಗುತ್ತಾರೆ, ಪವಾಡ ಮಾಡುತ್ತಾರೆ, ದುಡ್ಡು ಹಂಚುತ್ತಾರೆ. ಕಾರ್ಖಾನೆಯ ಮಾಲೀಕನಿಗೆ ಅಪಾಯ ಗೊತ್ತಿದೆ, ಆದರೂ ಅಗ್ಗದ ಶಕ್ತಿಯ ಲಾಭ ಬಿಡಲಾರ, ಮಾರುತ್ತಲೇ ಇರುತ್ತಾನೆ. ನಮ್ಮ ಯಂತ್ರದ ದೇವರೇ ನಿಜ, ನಿಮ್ಮದು ಸುಳ್ಳು ಎಂದು ಜನ ಹೊಡೆದಾಡಿ ಮಹಾಯುದ್ಧವೇ ಆಗುತ್ತದೆ. ಬಹಳಷ್ಟು ಜನ ಸತ್ತ ಮೇಲೆ, ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತ ಸಾಮಾನ್ಯರ ನಡುವೆ, ಮನುಷ್ಯರ ಮೇಲೆ ನಂಬಿಕೆ ಇಡುವುದರ ಬಗ್ಗೆ ಮಾತು ನಡೆದು ಕಾದಂಬರಿ ಮುಗಿಯುತ್ತದೆ. 1932ರಲ್ಲಿ ಆಲ್ಡಸ್ ಹಕ್ಸ್‌ಲಿ 'ಬ್ರೇವ್ ನ್ಯೂ ವರ್ಲ್ಡ್'ನಲ್ಲಿ ಕಾರು ತಯಾರಕ ಹೆನ್ರಿ ಫೋರ್ಡನನ್ನೇ ಪ್ರವಾದಿಯ ಪೀಠದಲ್ಲಿ ಕೂರಿಸಿದ. ಅಲ್ಲಿ ಫೋರ್ಡ್ 'ಟಿ' ಮಾದರಿಯ ಕಾರು ಬಂದ 1908ರಿಂದ ಶಕೆ ಶುರುವಾಗುತ್ತದೆ, ಶಿಲುಬೆಗಳ ತಲೆ ಕತ್ತರಿಸಿ 'ಟಿ' ಅಕ್ಷರ ಮಾಡಿರುತ್ತಾರೆ.

ಇವೆಲ್ಲ ದೊಡ್ಡವರಿಗೆಂದು ಬರೆದವು. ಹರೆಯದವರಿಗಾಗಿಯೇ ಈ ವಿಷಯ ಎತ್ತಿಕೊಂಡವರಲ್ಲಿ ಜಾನ್ ಕ್ರಿಸ್ಟೊಫರ್ ಮುಖ್ಯರು. ಅವರ 'ದ ವೈಟ್ ಮೌಂಟನ್ಸ್' 1967ರಲ್ಲಿ ಬಂತು. ಅಲ್ಲಿ ಭೂಮಿಯನ್ನು ಆಳುವುದು ಮೂರು ಕಾಲಿನ ದೈತ್ಯ ಲೋಹದ ಆಕೃತಿಗಳು. ಅವು ಯಂತ್ರವೋ ಜೀವಿಯೋ ಊರಿನ ಜನಕ್ಕೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಹದಿನಾಲ್ಕು ತುಂಬಿದ ಪ್ರತಿಯೊಬ್ಬರ ತಲೆಗೂ ಒಂದು ಲೋಹದ ಟೋಪಿ ಕೂರಿಸುತ್ತಾರೆ. ಊರಿಗೆ ಊರೇ ಅದನ್ನು ಹಬ್ಬವೆಂದು ಆಚರಿಸುತ್ತದೆ. ಕಥಾನಾಯಕ ವಿಲ್‌ನ ಸೋದರಸಂಬಂಧಿ ಜ್ಯಾಕ್ ಎಂಬ ಹುಡುಗ ಟೋಪಿಗೆ ಮುಂಚೆ ಸಂಶಯಗಳನ್ನು ಆಡುತ್ತಿದ್ದವನು, ಟೋಪಿಯ ನಂತರ ದುಡಿಮೆಗಾರ, ವಿನಯವಂತ, ಪ್ರಶ್ನೆಯಿಲ್ಲದವ. ದೊಡ್ಡವರ ಕಣ್ಣಿಗೆ ಅವನು ಸುಧಾರಿಸಿದ ಹುಡುಗ! 1988ರಲ್ಲಿ ಕ್ರಿಸ್ಟೊಫರ್ ಈ ಕಥೆಯ ಹಿನ್ನೆಲೆ ಬರೆದಾಗ, ಜನ ಶರಣಾದದ್ದು ಹೇಗೆಂದು ತೋರಿಸಿದರು. ಮೂರು ಕಾಲಿನವರು ಸೈನ್ಯ ತಂದು ಗೆಲ್ಲಲಿಲ್ಲ, ಒಂದು ಟಿ.ವಿ. ಕಾರ್ಯಕ್ರಮದಿಂದ ಗೆದ್ದರು. ಅದನ್ನು ನೋಡಿ ನೋಡಿ ಜನ ತಾವಾಗಿಯೇ ಭಕ್ತರಾದರು.

2002ರಲ್ಲಿ ಅಮೆರಿಕದ ಎಂ. ಟಿ. ಆಂಡರ್ಸನ್ 'ಫೀಡ್' ಬರೆದರು. ಕೈಯಲ್ಲಿ ಹಿಡಿಯುವ ಐಫೋನ್ ಬರಲು ಆಗ ಇನ್ನೂ ಐದು ವರ್ಷವಿತ್ತು. ಕಾದಂಬರಿಯ ಹುಡುಗ ಹುಡುಗಿಯರ ಮೆದುಳಿನೊಳಗೇ ಒಂದು ಸಾಧನವಿದೆ. ಜಾಹೀರಾತು, ಹಾಡು, ಹರಟೆ ಸದಾ ಒಳಗೇ ಹರಿಯುತ್ತಿರುತ್ತವೆ. ಶಾಲೆಗಳು ಕಂಪೆನಿಗಳ ಕೈಯಲ್ಲಿವೆ, ಮಕ್ಕಳು ಮುಖ್ಯವಾಗಿ ಕಲಿಯುವುದು ಚೆನ್ನಾಗಿ ಖರೀದಿಸುವುದನ್ನು. ಕೆಟ್ಟ ಪರಿಸರದಿಂದ ಚರ್ಮದಲ್ಲಿ ಹುಣ್ಣುಗಳೇಳುತ್ತವೆ, ತಾರೆಯರ ಮೈಯಲ್ಲೂ ಅವು ಕಂಡ ಮೇಲೆ ಹುಣ್ಣೇ ಫ್ಯಾಶನ್ ಆಗುತ್ತದೆ. ವಯೊಲೆಟ್ ಎಂಬ ಹುಡುಗಿಗೆ ಆ ಸಾಧನ ತಡವಾಗಿ, ಅಗ್ಗದ ದರ್ಜೆಯದು ಸಿಕ್ಕಿರುತ್ತದೆ. ಅವಳು ಕಂಪೆನಿಯನ್ನು ಗೊಂದಲಗೊಳಿಸಲು ಬೇಕಾಬಿಟ್ಟಿ ಸಾಮಾನು ವಿಚಾರಿಸಿ, ಕೊಳ್ಳದೆ ಬಿಡುತ್ತಾಳೆ. ಅವಳ ಸಾಧನ ಕೆಟ್ಟು ಪ್ರಾಣಕ್ಕೇ ಬಂದಾಗ ಕಂಪೆನಿ ನೆರವು ನಿರಾಕರಿಸುತ್ತದೆ. ಇವಳ ಖರೀದಿಯ ದಾಖಲೆಯಲ್ಲಿ ಭರವಸೆ ಕಾಣುತ್ತಿಲ್ಲ ಎಂಬುದು ಕಾರಣ.

ಹರೆಯದವರಿಗೆ ಇಂತಹ ಕಥೆ ಯಾಕೆ ಬೇಕು? ಉಪದೇಶದಿಂದ ಆಗದ ಕೆಲಸ ನಗೆಯಿಂದ ಆಗುತ್ತದೆ ಎಂಬುದು ಒಂದು ಕಾರಣ. 'ಮೊಬೈಲ್ ಮುಟ್ಟಬೇಡ' ಎನ್ನುವ ತಂದೆಯ ಕೈಯಲ್ಲೇ ಮೊಬೈಲ್ ಇರುತ್ತದೆ, ಅದನ್ನು ಮಗ ನೋಡುತ್ತಿರುತ್ತಾನೆ. ಕ್ರಿಸ್ಟೊಫರರ ಕಥೆ ಮಗನಿಗೆ ಹೇಳುವುದು ಬೇರೆ: ನಿನ್ನ ತಲೆಗೆ ಟೋಪಿ ಕೂರಿಸಲು ಬರುವವರು ನಿನ್ನನ್ನು ಪ್ರೀತಿಸುವವರೇ, ಹಬ್ಬದೂಟ ಹಾಕುವವರೇ. ಆದ್ದರಿಂದ ಪ್ರಶ್ನೆ ಕೇಳುವ ಕಾಲ ಇದೇ, ಈ ವಯಸ್ಸೇ.

ಕಥೆಗಳ ಮಾತು ಇರಲಿ, ನಿಜಲೋಕದಲ್ಲಿ ಏನಾಯಿತು? ಫಾರ್ಸ್ಟರನ ಇಂಗ್ಲೆಂಡನ್ನೇ ನೋಡೋಣ. ಅಲ್ಲಿನ ಅಂಚೆ ಕಚೇರಿಗಳಲ್ಲಿ 1999ರಿಂದ 'ಹೊರೈಝನ್' ಎಂಬ ಕಂಪ್ಯೂಟರ್ ಲೆಕ್ಕ ವ್ಯವಸ್ಥೆ ಬಂತು. ಇಲ್ಲದ ಕೊರತೆಯನ್ನು ಅದು ಲೆಕ್ಕದಲ್ಲಿ ತೋರಿಸುತ್ತಿತ್ತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಉಪ ಅಂಚೆ ಕಚೇರಿಗಳ ನಿರ್ವಾಹಕರು ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಗೊಳಗಾದರು. ಭಾರತೀಯ ಉಪಖಂಡದ ಮೂಲದವರೂ ಅವರಲ್ಲಿ ಅನೇಕರಿದ್ದರು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಭಾವಿಸಿಕೊಳ್ಳುವುದು ಅಲ್ಲಿನ ನ್ಯಾಯಾಲಯಗಳ ಪದ್ಧತಿಯಾಗಿತ್ತು. ಮನುಷ್ಯ ದೇವರಾಣೆ ಹಾಕಿದರೂ ನಂಬಲಿಲ್ಲ, ಪರದೆಯ ಮೇಲಿನ ಅಂಕಿಯನ್ನು ನಂಬಿದರು. 2019ರ ಡಿಸೆಂಬರಿನಲ್ಲಿ ಹೈಕೋರ್ಟು ಆ ವ್ಯವಸ್ಥೆಯ ದೋಷಗಳನ್ನು ಎತ್ತಿಹಿಡಿಯಿತು, 2024ರ ಮೇ ತಿಂಗಳಲ್ಲಿ ಸಾಮೂಹಿಕವಾಗಿ ಶಿಕ್ಷೆ ರದ್ದುಪಡಿಸುವ ಕಾಯಿದೆ ಬಂತು. ಅಷ್ಟರಲ್ಲಿ ಕೆಲವರು ತೀರಿಹೋಗಿದ್ದರು. ಯಂತ್ರಕ್ಕೆ ಸಜ್ದಾ ಮಾಡುವುದೆಂದರೆ ಅಗರಬತ್ತಿ ಹಚ್ಚುವುದೇ ಆಗಬೇಕಿಲ್ಲ, ನ್ಯಾಯಪೀಠದಲ್ಲಿ ಕೂತೂ ಅದನ್ನು ಮಾಡಬಹುದು. ಕೂಲಿ ಮಾಡಿ ಸವೆದ ಬೆರಳನ್ನು ಪಡಿತರ ಅಂಗಡಿಯ ಯಂತ್ರ ಗುರುತಿಸದಿದ್ದಾಗ, ಎದುರಿಗೆ ನಿಂತ ಮುದುಕಿಯನ್ನು ಹತ್ತಾರು ವರ್ಷಗಳಿಂದ ಬಲ್ಲ ಅಂಗಡಿಯವನೂ 'ಮಶೀನು ಒಪ್ಪುತ್ತಿಲ್ಲ' ಎನ್ನುತ್ತಾನೆ. ಆ ಮಾತಿನಲ್ಲೂ ವಾಷ್ಟಿಯ ದನಿಯಿದೆ. ಇನ್ನು 2017ರಲ್ಲಿ ಅಮೆರಿಕದ ಒಬ್ಬ ಎಂಜಿನಿಯರ್ ಕೃತಕ ಬುದ್ಧಿಮತ್ತೆಯನ್ನೇ ದೈವವಾಗಿ ಆರಾಧಿಸುವ ಧಾರ್ಮಿಕ ಸಂಸ್ಥೆಯೊಂದನ್ನು ನೋಂದಾಯಿಸಿದ ಸುದ್ದಿ ಬಂದಾಗ, ಚಾಪೆಕ್ ಬದುಕಿದ್ದಿದ್ದರೆ ನಗುತ್ತಿದ್ದನೋ ಅಳುತ್ತಿದ್ದನೋ!

ಇದಕ್ಕೆ ಮದ್ದೇನು? ಫಾರ್ಸ್ಟರನ ಗೆಳೆಯ ಮಸೂದರ ಬದುಕಿನಲ್ಲಿ ಒಂದು ಸುಳಿವಿದೆ. ಅವರು 1916ರಿಂದ ನಿಜಾಮರ ಹೈದರಾಬಾದ್ ಸಂಸ್ಥಾನದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದರು. ಇಂದಿನ ಬೀದರ್, ಕಲಬುರಗಿ, ರಾಯಚೂರು ಸೀಮೆಗಳು ಆಗ ಅದೇ ಸಂಸ್ಥಾನದಲ್ಲಿದ್ದವು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ 'ದಾರುಲ್ ತರ್ಜುಮಾ' ಎಂಬ ಅನುವಾದ ಸಂಸ್ಥೆ ಭೌತಶಾಸ್ತ್ರ, ರಸಾಯನಶಾಸ್ತ್ರ, ವೈದ್ಯ, ಎಂಜಿನಿಯರಿಂಗ್ ಗ್ರಂಥಗಳನ್ನು ಉರ್ದುವಿಗೆ ತಂದಿತು. ಜಪಾನು ತನ್ನ ಭಾಷೆಯಲ್ಲೇ ವಿಜ್ಞಾನ ಕಲಿಸುವುದನ್ನು ನೋಡಲು ಮಸೂದ್ 1922ರಲ್ಲಿ ಅಲ್ಲಿಗೆ ಹೋಗಿ ಬಂದು ಪುಸ್ತಕ ಬರೆದರು. ಸಂಸ್ಥಾನದ ಬಹುಪಾಲು ಮಕ್ಕಳ ಮನೆಮಾತು ಕನ್ನಡ, ತೆಲುಗು, ಮರಾಠಿಯಾಗಿದ್ದು, ಅವರಿಗೆ ಈ ಬಾಗಿಲು ತೆರೆಯಲಿಲ್ಲ ಎಂಬುದನ್ನೂ ಮರೆಯಬಾರದು. ಆದರೆ ವಿಚಾರ ಸರಿಯಾಗಿತ್ತು. ತನ್ನ ಭಾಷೆಯಲ್ಲಿ ಬಿಡಿಸಿ ಹೇಳಬಲ್ಲ ವಸ್ತುವಿನ ಮುಂದೆ ಯಾರೂ ಮೈಮರೆತು ಬೀಳುವುದಿಲ್ಲ. ಕನ್ನಡದಲ್ಲಿ ಶಿವರಾಮ ಕಾರಂತರು 1936ರಲ್ಲಿ 'ಬಾಲಪ್ರಪಂಚ' ಬರೆದು ಮಾಡಹೊರಟದ್ದೂ ಇದನ್ನೇ.

ಕೊನೆಯಲ್ಲಿ ಒಂದು ಮಾತು. ಪ್ರವಾದಿ ಇಬ್ರಾಹೀಮ್(ಅ) ದೇಗುಲದಲ್ಲಿ ದೊಡ್ಡ ವಿಗ್ರಹವೊಂದನ್ನು ಬಿಟ್ಟು ಉಳಿದವನ್ನು ಒಡೆದ ಪ್ರಸಂಗದಲ್ಲಿ ಕುರ್‌ಆನ್ ಅವರನ್ನು ಕರೆಯುವುದು 'ಫತಾ' ಎಂದು. ಅಂದರೆ ಹರೆಯದ ಹುಡುಗ. ಯಾರು ಮಾಡಿದ್ದೆಂದು ಕೇಳಿದಾಗ ಆ ಹುಡುಗ ಕೊಟ್ಟ ಉತ್ತರ ಶುದ್ಧ ವಿಡಂಬನೆ: ಇದು ಈ ದೊಡ್ಡವನ ಕೆಲಸ, ಮಾತಾಡಬಲ್ಲವಾದರೆ ಅವನ್ನೇ ಕೇಳಿ. ಆ ಕ್ಷಣ ಜನ ತಮ್ಮೊಳಗೆ ತಿರುಗಿ, ತಪ್ಪು ನಮ್ಮದೇ ಎಂದುಕೊಂಡರು. ಮರುಕ್ಷಣವೇ ಹಳೆಯ ಹಟಕ್ಕೆ ಮರಳಿ ಹುಡುಗನನ್ನು ಬೆಂಕಿಗೆ ಹಾಕಲು ಹೊರಟರು. ನಮ್ಮ ನೆಲದ ಶರಣರೂ 12ನೇ ಶತಮಾನದಲ್ಲಿ, ಕೈಯಾರೆ ಮಾಡಿದ್ದಕ್ಕೆ ಕೈಮುಗಿಯುವವರನ್ನು ಇಂತಹುದೇ ನಗೆಯಿಂದ ಪ್ರಶ್ನಿಸಿದರು, ಅವರಿಗೂ ಕಷ್ಟ ತಪ್ಪಲಿಲ್ಲ. ವಿಡಂಬನೆಗೆ ಯಾವ ವಿಗ್ರಹವನ್ನೂ ಒಡೆಯುವ ಬಲವಿಲ್ಲ. ಜನ ತಮ್ಮೊಳಗೆ ತಿರುಗಿ ನೋಡುವ ಆ ಒಂದು ಕ್ಷಣವನ್ನು ಅದು ತರಬಲ್ಲದು. ಆ ಕ್ಷಣವನ್ನು ಉಳಿಸಿಕೊಳ್ಳುವುದು ಓದುವವರ ಪಾಲಿಗೆ ಬಿಟ್ಟದ್ದು. ನಮ್ಮ ಮನೆಯ ಹದಿನಾಲ್ಕರ ಮಕ್ಕಳ ಕೈಗೆ ಈ ಕಥೆಗಳು ಸಿಗಲಿ, ನಮ್ಮದೇ ಮಾತಿನಲ್ಲಿ ಇನ್ನಷ್ಟು ಹುಟ್ಟಲಿ.